ಕಂಪ್ಯೂಟರ್ ಸರ್ಟಿಫಿಕೇಟು: ಸಾಲ ಮಾಡುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಹತ್ತನೇ ತರಗತಿ, ಪ್ಲಸ್ ಟು, ಪದವಿ ಪರೀಕ್ಷೆಗಳ ಫಲಿತಾಂಶ ಬಂದ ಬೆನ್ನಲ್ಲೇ ನಮ್ಮ ಮನೆಗಳಲ್ಲಿ ಏಳುವ ಪ್ರಶ್ನೆ ಒಂದೇ: ಮುಂದೇನು? ಇಂಜಿನಿಯರಿಂಗಿಗೆ ಅಂಕ ಸಾಲದು, ನರ್ಸಿಂಗಿಗೆ ಮನಸ್ಸಿಲ್ಲ, ಬಿ.ಕಾಂ. ಮುಗಿಸಿದರೂ ಕೆಲಸದ ಖಾತ್ರಿಯಿಲ್ಲ. ಅಷ್ಟರಲ್ಲಿ ಬಸ್ ನಿಲ್ದಾಣದ ಗೋಡೆಯಲ್ಲಿ ಬಣ್ಣದ ಪೋಸ್ಟರ್ ಕಣ್ಣಿಗೆ ಬೀಳುತ್ತದೆ. ‘ಹಾರ್ಡ್‌ವೇರ್ ಮತ್ತು ನೆಟ್‌ವರ್ಕಿಂಗ್ ಕೋರ್ಸ್, ಅಂತಾರಾಷ್ಟ್ರೀಯ ಸರ್ಟಿಫಿಕೇಟ್, ನೂರಕ್ಕೆ ನೂರು ಉದ್ಯೋಗ.’ ಮಗ ಆಸೆಯಿಂದ ಫೋನ್ ನಂಬರ್ ಬರೆದುಕೊಳ್ಳುತ್ತಾನೆ. ತಾಯಿ ಕೊರಳ ಸರ ಮುಟ್ಟಿ ನೋಡಿಕೊಳ್ಳುತ್ತಾಳೆ. ಅಡಕೆ ಕೊಯ್ಲಿನ ಹಣ ಕೈಗೆ ಬರಲು ಇನ್ನೂ ನಾಲ್ಕು ತಿಂಗಳಿದೆ.

ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ನಮ್ಮನ್ನು ಈ ಬಗ್ಗೆ ಕೇಳುವ ತಂದೆತಾಯಂದಿರು ಹಲವರು. ‘ಆ ಸರ್ಟಿಫಿಕೇಟಿಗೆ ನಿಜವಾಗಿಯೂ ಬೆಲೆಯಿದೆಯಾ? ಅಷ್ಟು ಹಣ ಹಾಕಬಹುದಾ?’ ಈ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಒಂದೇ ಮಾತಿನ ಉತ್ತರವಿಲ್ಲ. ಆದುದರಿಂದ ಈ ಸಲ ಸ್ವಲ್ಪ ವಿವರವಾಗಿಯೇ ಬರೆಯೋಣವೆಂದು ಯೋಚಿಸಿದೆವು. ಓದಿದ ಮೇಲೆ ಮನೆಯವರೆಲ್ಲ ಒಟ್ಟಿಗೆ ಕುಳಿತು ಚರ್ಚಿಸಿ ತೀರ್ಮಾನಕ್ಕೆ ಬನ್ನಿ ಎಂಬುದು ನಮ್ಮ ವಿನಂತಿ.

ಟೆಕ್ನಿಕಲ್ ಸಪೋರ್ಟ್ ಎಂದರೆ ಏನು ಕೆಲಸ?

ಐಟಿ ಎಂದ ಕೂಡಲೇ ಪ್ರೋಗ್ರಾಂ ಬರೆಯುವವರೇ ನಮ್ಮ ಕಣ್ಣ ಮುಂದೆ ಬರುತ್ತಾರೆ. ಆದರೆ ಒಂದು ಬ್ಯಾಂಕು, ಆಸ್ಪತ್ರೆ ಅಥವಾ ಕಾರ್ಖಾನೆಯಲ್ಲಿ ನೂರಾರು ಕಂಪ್ಯೂಟರುಗಳು ಬೆಳಗ್ಗಿನಿಂದ ಸಂಜೆಯ ತನಕ ಕೆಡದೆ ನಡೆಯಬೇಕಾದರೆ ಇನ್ನೊಂದು ವರ್ಗದ ಜನ ಬೇಕು. ಪ್ರಿಂಟರ್ ಓಡುತ್ತಿಲ್ಲ, ಪಾಸ್‌ವರ್ಡ್ ಮರೆತುಹೋಗಿದೆ, ಇಂಟರ್ನೆಟ್ ಬರುತ್ತಿಲ್ಲ, ಮೇಲ್ ತೆರೆಯುತ್ತಿಲ್ಲ ಎಂಬ ದೂರುಗಳನ್ನು ಕೇಳಿ ಸರಿಪಡಿಸುವವರು ಇವರು. ದೂರು ಬಂದಾಗ ಅದಕ್ಕೊಂದು ನಂಬರ್ ಕೊಟ್ಟು ದಾಖಲಿಸುತ್ತಾರೆ. ಅದನ್ನು ‘ಟಿಕೆಟ್’ ಎನ್ನುತ್ತಾರೆ. ಫೋನಿನಲ್ಲೋ ದೂರದಿಂದ ಆ ಕಂಪ್ಯೂಟರಿನ ಪರದೆಯನ್ನು ತೆರೆದೋ ಬಗೆಹರಿಸುವವರು ಮೊದಲ ಹಂತದವರು. ಅವರಿಂದಾಗದ್ದು ಎರಡನೇ ಹಂತಕ್ಕೆ, ಅಲ್ಲಿಯೂ ಆಗದ್ದು ಮೂರನೇ ಹಂತದ ಪರಿಣತರಿಗೆ ಹೋಗುತ್ತದೆ. ಸ್ಥಳಕ್ಕೇ ಹೋಗಿ ಯಂತ್ರ ಬಿಚ್ಚಿ ರಿಪೇರಿ ಮಾಡುವವರನ್ನು ಡೆಸ್ಕ್‌ಟಾಪ್ ಇಂಜಿನಿಯರ್ ಅಥವಾ ಫೀಲ್ಡ್ ಇಂಜಿನಿಯರ್ ಎಂದು ಕರೆಯುವುದು ವಾಡಿಕೆ.

ಈ ಕೆಲಸಕ್ಕೆ ಇಂಜಿನಿಯರಿಂಗ್ ಪದವಿ ಕಡ್ಡಾಯವಲ್ಲ ಎಂಬುದೇ ನಮ್ಮ ಮಕ್ಕಳಿಗೆ ಇದರಲ್ಲಿರುವ ಅವಕಾಶ. ಡಿಪ್ಲೊಮಾ, ಐಟಿಐ, ಯಾವುದೇ ಪದವಿ, ಕೆಲವೆಡೆ ಪ್ಲಸ್ ಟು ಆದವರನ್ನೂ ತೆಗೆದುಕೊಳ್ಳುತ್ತಾರೆ. ಆದರೆ ಆರಂಭದ ಸಂಬಳ ಸಾಧಾರಣವಾಗಿರುತ್ತದೆ. ಹಲವು ಕಡೆ ರಾತ್ರಿ ಪಾಳಿ ಇರುತ್ತದೆ, ಭಾನುವಾರ ಹಾಗೂ ಹಬ್ಬದ ದಿನವೂ ಕೆಲಸ ಬರುತ್ತದೆ. ಹೆಣ್ಣುಮಕ್ಕಳಾದರೆ ರಾತ್ರಿ ಪಾಳಿಗೆ ಕಂಪನಿಯ ವಾಹನ ಮನೆ ಬಾಗಿಲಿಗೆ ಬರುತ್ತದೆಯೇ ಎಂದು ಮೊದಲೇ ವಿಚಾರಿಸುವುದು ಒಳ್ಳೆಯದು.

‘ಎ ಪ್ಲಸ್’ ಎಂಬ ಪರೀಕ್ಷೆ

ಈ ಕ್ಷೇತ್ರದ ಮೊದಲ ಮೆಟ್ಟಿಲೆಂದು ಜಗತ್ತಿನಾದ್ಯಂತ ಹೆಸರಾದದ್ದು ‘ಕಾಂಪ್‌ಟಿಯಾ ಎ ಪ್ಲಸ್’. ಅಮೆರಿಕದಲ್ಲಿ 1982ರಲ್ಲಿ ಕಂಪ್ಯೂಟರ್ ಮಾರಾಟಗಾರರ ಸಂಘವಾಗಿ ಹುಟ್ಟಿದ ಸಂಸ್ಥೆಯೊಂದು 1990ರಲ್ಲಿ ಕಾಂಪ್‌ಟಿಯಾ ಎಂದು ಹೆಸರು ಬದಲಿಸಿಕೊಂಡಿತು. 1993ರಲ್ಲಿ ಅದು ಎ ಪ್ಲಸ್ ಪರೀಕ್ಷೆ ಆರಂಭಿಸಿತು. ಆಗ ಬೇರೆ ಬೇರೆ ಕಂಪನಿಗಳು ತಮ್ಮ ತಮ್ಮ ಯಂತ್ರಗಳ ಬಗ್ಗೆ ಮಾತ್ರ ತರಬೇತಿ ಕೊಡುತ್ತಿದ್ದವು. ಯಾವ ಕಂಪನಿಯ ಯಂತ್ರವಾದರೂ ರಿಪೇರಿ ಮಾಡಬಲ್ಲ ಕೈಗಳು ಇವು ಎಂದು ಹೇಳುವ ಒಂದು ಸಾಮಾನ್ಯ ಅಳತೆಗೋಲು ಬೇಕಿತ್ತು. ಎ ಪ್ಲಸ್ ಆ ಸ್ಥಾನವನ್ನು ತುಂಬಿತು. 2025ರ ಆರಂಭದಲ್ಲಿ ಕಾಂಪ್‌ಟಿಯಾದ ತರಬೇತಿ ಹಾಗೂ ಪರೀಕ್ಷಾ ವಿಭಾಗವು ಎಚ್.ಐ.ಜಿ. ಕ್ಯಾಪಿಟಲ್ ಮತ್ತು ಥೋಮಾ ಬ್ರಾವೊ ಎಂಬ ಹೂಡಿಕೆ ಸಂಸ್ಥೆಗಳ ಕೈಸೇರಿತು. ಈಗ ಅದು ಲಾಭಕ್ಕಾಗಿ ನಡೆಯುವ ಕಂಪನಿ. ಪರೀಕ್ಷೆ ಮಾತ್ರ ಹಿಂದಿನಂತೆಯೇ ನಡೆಯುತ್ತಿದೆ.

ಇದರಲ್ಲಿ ಎರಡು ಪರೀಕ್ಷೆಗಳಿವೆ. ಎರಡರಲ್ಲೂ ತೇರ್ಗಡೆಯಾದರೆ ಮಾತ್ರ ಸರ್ಟಿಫಿಕೇಟು. ಮೊದಲನೆಯದರ ಸಂಕೇತ 220-1201, ಎರಡನೆಯದು 220-1202. ಒಂದೊಂದಕ್ಕೂ 90 ನಿಮಿಷ, ಹೆಚ್ಚೆಂದರೆ 90 ಪ್ರಶ್ನೆ. ಸರಿಯುತ್ತರ ಆರಿಸುವ ಪ್ರಶ್ನೆಗಳ ಜತೆಗೆ, ಪರದೆಯ ಮೇಲೆಯೇ ಕೆಲಸ ಮಾಡಿ ತೋರಿಸಬೇಕಾದ ಪ್ರಶ್ನೆಗಳೂ ಇರುತ್ತವೆ. ಅಂಕ 100ರಿಂದ 900ರ ಅಳತೆಯಲ್ಲಿ. ಮೊದಲ ಪರೀಕ್ಷೆಗೆ 675, ಎರಡನೆಯದಕ್ಕೆ 700 ಬೇಕು. ಪಿಯರ್ಸನ್ ವ್ಯೂ ಎಂಬ ಸಂಸ್ಥೆಯ ಪರೀಕ್ಷಾ ಕೇಂದ್ರಗಳಲ್ಲಿ ಬರೆಯಬಹುದು. ಕನ್ನಡದಲ್ಲಿ ಬರೆಯಲು ಅವಕಾಶವಿಲ್ಲ. ನಮ್ಮ ಮಕ್ಕಳು ಇಂಗ್ಲಿಷಿನಲ್ಲೇ ಬರೆಯಬೇಕು.

ಮೊದಲ ಪರೀಕ್ಷೆಯಲ್ಲಿ ಮೊಬೈಲ್ ಸಾಧನಗಳು, ನೆಟ್‌ವರ್ಕ್, ಹಾರ್ಡ್‌ವೇರ್, ಕ್ಲೌಡ್ ಹಾಗೂ ಇವುಗಳ ದೋಷ ಪತ್ತೆ. ದೋಷ ಪತ್ತೆಯ ಭಾಗಕ್ಕೇ ನೂರರಲ್ಲಿ 28 ಪಾಲು. ಎರಡನೆಯದರಲ್ಲಿ ಆಪರೇಟಿಂಗ್ ಸಿಸ್ಟಮ್‌ಗಳು, ಭದ್ರತೆ, ಸಾಫ್ಟ್‌ವೇರ್ ದೋಷ ಪತ್ತೆ ಹಾಗೂ ಕೆಲಸದ ಕ್ರಮಗಳು. ಈ ಕೊನೆಯ ಭಾಗದಲ್ಲಿ ಬೆಂಕಿ ಮತ್ತು ವಿದ್ಯುತ್ತಿನ ಎಚ್ಚರಿಕೆ, ಹಳೆಯ ಬ್ಯಾಟರಿಗಳ ವಿಲೇವಾರಿ, ಗ್ರಾಹಕರೊಡನೆ ಮಾತನಾಡುವ ರೀತಿ ಇವೂ ಸೇರಿವೆ. ಸಿಟ್ಟಾದ ಗ್ರಾಹಕನ ಮಾತನ್ನು ನಡುವೆ ಕಡಿಯದೆ ಕೇಳಬೇಕೆಂಬುದೂ ಪಠ್ಯದಲ್ಲಿದೆ ಎಂದರೆ ಹಿರಿಯರಿಗೆ ಸಂತೋಷವಾದೀತು.

ಇಲ್ಲಿ ಒಂದು ಎಚ್ಚರಿಕೆ. ಪಠ್ಯ ಸುಮಾರು ಮೂರು ವರ್ಷಗಳಿಗೊಮ್ಮೆ ಬದಲಾಗುತ್ತದೆ. ಹಿಂದಿನ ಪರೀಕ್ಷೆಗಳಾದ 220-1101 ಹಾಗೂ 220-1102 ಇವು 2025ರ ಸೆಪ್ಟೆಂಬರಿನಲ್ಲಿ ನಿಂತುಹೋದವು. ಅಣ್ಣನ ಹಳೆಯ ಪುಸ್ತಕ ಮನೆಯಲ್ಲಿದೆಯೆಂದು ತಮ್ಮ ಅದನ್ನೇ ಓದಿ ಕುಳಿತರೆ ಪ್ರಯೋಜನವಾಗದು. ಪುಸ್ತಕ ಕೊಳ್ಳುವಾಗ ಮುಖಪುಟದ ಮೇಲಿನ ಸಂಕೇತ ನೋಡಿಕೊಳ್ಳಿ.

ಸರ್ಟಿಫಿಕೇಟಿನ ಆಯುಷ್ಯ ಮೂರು ವರ್ಷ. 2010ರ ಕೊನೆಯ ತನಕ ಪಡೆದವರದ್ದು ಜೀವನಪೂರ್ತಿ ಬಾಳುವಂಥದ್ದು. 2011ರಿಂದ ಆ ಸೌಲಭ್ಯವಿಲ್ಲ. ನವೀಕರಿಸಲು ಮುಂದುವರಿದ ಕಲಿಕೆಯ 20 ಘಟಕಗಳನ್ನು ತೋರಿಸಿ ಶುಲ್ಕ ಕಟ್ಟಬೇಕು, ಇಲ್ಲವೇ ಅದೇ ಸಂಸ್ಥೆಯ ಮೇಲಿನ ಹಂತದ ಪರೀಕ್ಷೆಗಳಾದ ನೆಟ್‌ವರ್ಕ್ ಪ್ಲಸ್, ಸೆಕ್ಯುರಿಟಿ ಪ್ಲಸ್ ಪಾಸು ಮಾಡಬೇಕು.

ಕಲಿಕೆಯ ತಿರುಳು

ಕಾಗದಕ್ಕಿಂತ ಹೆಚ್ಚು ಬೆಲೆಯಿರುವುದು ಕಲಿಯುವ ಕ್ರಮಕ್ಕೆ. ಎ ಪ್ಲಸ್ ಪಠ್ಯದಲ್ಲಿ ದೋಷ ಪತ್ತೆಗೆ ಆರು ಹೆಜ್ಜೆಗಳಿವೆ. ಸಮಸ್ಯೆ ಏನೆಂದು ಗುರುತಿಸು, ಕಾರಣ ಇದಿರಬಹುದೆಂದು ಊಹಿಸು, ಊಹೆಯನ್ನು ಪರೀಕ್ಷಿಸು, ಯೋಜನೆ ಮಾಡಿ ಸರಿಪಡಿಸು, ಎಲ್ಲವೂ ಸರಿಯಿದೆಯೇ ಎಂದು ನೋಡಿ ಮತ್ತೆ ಕೆಡದಂತೆ ಮುನ್ನೆಚ್ಚರಿಕೆ ವಹಿಸು, ನಡೆದದ್ದನ್ನು ಬರೆದಿಡು.

ಒಂದು ಉದಾಹರಣೆ ನೋಡೋಣ. ಶಾಲೆಯ ಆಫೀಸಿನಲ್ಲಿ ಒಂದು ಕಂಪ್ಯೂಟರಿಗೆ ಇಂಟರ್ನೆಟ್ ಬರುತ್ತಿಲ್ಲ. ಅರೆಬರೆ ಕಲಿತವನು ಬಂದ ಕೂಡಲೇ ವಿಂಡೋಸ್ ಅಳಿಸಿ ಹೊಸದಾಗಿ ಹಾಕುತ್ತಾನೆ. ಮಕ್ಕಳ ಅಂಕಪಟ್ಟಿಗಳೆಲ್ಲ ಅದರೊಂದಿಗೆ ಹೋಗುತ್ತವೆ. ಕ್ರಮವಾಗಿ ಕಲಿತವಳು ಮೊದಲು ಕೇಳುತ್ತಾಳೆ: ಉಳಿದ ಕಂಪ್ಯೂಟರುಗಳಲ್ಲಿ ಬರುತ್ತದೆಯೇ? ಬರುತ್ತದೆ. ಹಾಗಾದರೆ ತಪ್ಪು ಹೊರಗಿನ ಲೈನಿನದ್ದಲ್ಲ. ನಿನ್ನೆ ಏನಾದರೂ ಬದಲಾಯಿತೇ? ಮೇಜು ಸರಿಸಿ ಗುಡಿಸಿದೆವು ಎಂಬ ಉತ್ತರ. ಆಕೆ ಕಂಪ್ಯೂಟರಿನ ವಿಳಾಸ ನೋಡುತ್ತಾಳೆ. ಅದು 169.254 ಎಂದು ಆರಂಭವಾಗುತ್ತದೆ. ವಿಳಾಸ ಹಂಚುವ ಸಾಧನದಿಂದ ಉತ್ತರ ಸಿಗದಿದ್ದಾಗ ಕಂಪ್ಯೂಟರ್ ತಾನೇ ಕೊಟ್ಟುಕೊಳ್ಳುವ ವಿಳಾಸವದು. ಕೇಬಲ್ ಮೇಲೆ ಸಂಶಯ ಬರುತ್ತದೆ. ಮೇಜಿನ ಕಾಲಿನಡಿ ಕೇಬಲ್ ಸಿಕ್ಕಿ ಜಜ್ಜಿಹೋಗಿದೆ. ಬೇರೆ ಕೇಬಲ್ ಹಾಕಿದ ಕೂಡಲೇ ಸರಿಯಾದ ವಿಳಾಸ ಬಂತು, ಇಂಟರ್ನೆಟ್ ಬಂತು. ಪ್ರಿಂಟರ್ ಕೂಡ ಓಡುತ್ತದೆಯೇ ಎಂದು ನೋಡಿ, ಕೇಬಲನ್ನು ಗೋಡೆಗೆ ಒತ್ತಿ ಕಟ್ಟಿ, ಪುಸ್ತಕದಲ್ಲಿ ಎರಡು ಸಾಲು ಬರೆದಿಟ್ಟು ಹೋಗುತ್ತಾಳೆ. ಒಂದು ಕೇಬಲಿನ ಬೆಲೆಯಲ್ಲಿ ಕೆಲಸ ಮುಗಿಯಿತು, ಒಂದು ಅಂಕಪಟ್ಟಿಯೂ ಹೋಗಲಿಲ್ಲ.

ಇನ್ನೊಂದು ಉದಾಹರಣೆ. ಲೇಸರ್ ಪ್ರಿಂಟರಿನಲ್ಲಿ ಅಚ್ಚಾದ ಅಕ್ಷರ ಬೆರಳಿನಿಂದ ಉಜ್ಜಿದರೆ ಅಳಿಸಿಹೋಗುತ್ತಿದೆ. ಟೋನರ್ ಬದಲಿಸಿ ಹಣ ಕಳೆದುಕೊಳ್ಳುವವರಿದ್ದಾರೆ. ಕಾಗದದ ಮೇಲಿನ ಪುಡಿಯನ್ನು ಬಿಸಿ ಮಾಡಿ ಅಂಟಿಸುವ ಭಾಗಕ್ಕೆ ‘ಫ್ಯೂಸರ್’ ಎಂದು ಹೆಸರು. ಅಲ್ಲಿ ಬಿಸಿ ಸಾಲದಾದರೆ ಹೀಗಾಗುತ್ತದೆ. ಪ್ರಿಂಟರಿನೊಳಗೆ ಯಾವ ಹಂತದ ನಂತರ ಯಾವುದು ಎಂದು ತಿಳಿದವರಿಗೆ ಎಲ್ಲಿ ನೋಡಬೇಕೆಂಬುದೂ ತಿಳಿಯುತ್ತದೆ. ಇಂಟರ್‌ವ್ಯೂಗಳಲ್ಲಿ ಕೇಳುವುದೂ ಬಹುತೇಕ ಇಂಥ ಪ್ರಶ್ನೆಗಳನ್ನೇ.

ಬೆಲೆ ಎಲ್ಲಿ ಎಷ್ಟು?

ಈ ಸರ್ಟಿಫಿಕೇಟಿನ ಬೆಲೆ ಎಲ್ಲ ಕಡೆ ಒಂದೇ ಅಲ್ಲ. ಅಮೆರಿಕದಲ್ಲಿ ಅದಕ್ಕೆ ಹೆಚ್ಚಿನ ಮಾನ್ಯತೆ ಸಿಗಲು ಒಂದು ವಿಶೇಷ ಕಾರಣವಿದೆ. 2005ರಲ್ಲಿ ಅಲ್ಲಿನ ರಕ್ಷಣಾ ಇಲಾಖೆ, ತನ್ನ ಕಂಪ್ಯೂಟರ್ ವ್ಯವಸ್ಥೆಗಳ ಭದ್ರತೆಯ ಕೆಲಸ ಮಾಡುವವರು ಇಂತಿಂಥ ಸರ್ಟಿಫಿಕೇಟು ಪಡೆದಿರಲೇಬೇಕು ಎಂಬ ನಿಯಮ ಮಾಡಿತು. ಆರಂಭದ ಹಂತದ ಪಟ್ಟಿಯಲ್ಲಿ ಎ ಪ್ಲಸ್ ಇತ್ತು. ಸರಕಾರದ ಗುತ್ತಿಗೆ ಹಿಡಿಯುವ ಕಂಪನಿಗಳೂ ಅದನ್ನು ಕೇಳತೊಡಗಿದವು.

ಭಾರತದಲ್ಲಿ ಅಂಥ ನಿಯಮವಿಲ್ಲ. ಇಲ್ಲಿನ ಕಂಪನಿಗಳು ಮೊದಲು ನೋಡುವುದು ಪದವಿ ಅಥವಾ ಡಿಪ್ಲೊಮಾವನ್ನು, ಮತ್ತೆ ಇಂಗ್ಲಿಷ್ ಮಾತನ್ನು, ಆಮೇಲೆ ಕೈಕೆಲಸದ ಅನುಭವವನ್ನು. ಎ ಪ್ಲಸ್ ಇದ್ದರೆ ಒಳ್ಳೆಯದು ಎನ್ನುತ್ತಾರೆಯೇ ಹೊರತು ಅದಿಲ್ಲದೆ ಬರಬೇಡಿ ಎನ್ನುವವರು ಕಡಿಮೆ. ವಿದೇಶೀ ಗ್ರಾಹಕರಿಗೆ ಸೇವೆ ಕೊಡುವ ಕಂಪನಿಗಳಲ್ಲಿ ಅದರ ಹೆಸರು ಹೆಚ್ಚು ಪರಿಚಿತ. ಅನುಭವವೇ ಇಲ್ಲದ ಹುಡುಗನ ಅರ್ಜಿಗೆ ಅದು ಒಂದಿಷ್ಟು ತೂಕ ಕೊಡುತ್ತದೆ. ಐದು ವರ್ಷ ಕೆಲಸ ಮಾಡಿದವನಿಗೆ ಅದರಿಂದ ಆಗುವ ಲಾಭ ಅಲ್ಪ. ಅಂಥವರು ಸಿಸ್ಕೊ ಕಂಪನಿಯ ಸಿಸಿಎನ್‌ಎ, ಇಲ್ಲವೇ ಕ್ಲೌಡ್ ಅಥವಾ ಭದ್ರತೆಯ ಪರೀಕ್ಷೆಗಳ ಕಡೆ ನೋಡುವುದು ಮೇಲು.

ಹಳೆಯ ಹೆಸರುಗಳ ಬಗ್ಗೆಯೂ ಎಚ್ಚರ ಬೇಕು. ಎರಡು ದಶಕಗಳ ಹಿಂದೆ ಮನೆಮಾತಾಗಿದ್ದ ಮೈಕ್ರೋಸಾಫ್ಟಿನ ಎಂಸಿಎಸ್‌ಇ 2021ರ ಜನವರಿಯಲ್ಲಿ ನಿಂತಿತು. ಅದೇ ಕಂಪನಿಯ ಆರಂಭಿಕ ಹಂತದ ಎಂಟಿಎ 2022ರ ಜೂನಿನಲ್ಲಿ ನಿಂತಿತು. ಸಿಸ್ಕೊದ ಸಿಸಿಇಎನ್‌ಟಿ 2020ರ ಫೆಬ್ರವರಿಯಲ್ಲೇ ಮುಗಿದಿದೆ. ಯಾವುದಾದರೂ ಸಂಸ್ಥೆಯ ಬೋರ್ಡಿನಲ್ಲಿ ಇವುಗಳನ್ನು ಕಲಿಸುತ್ತೇವೆಂದು ಇಂದಿಗೂ ಬರೆದಿದ್ದರೆ, ಆ ಸಂಸ್ಥೆ ತನ್ನ ಪಾಠಗಳನ್ನೂ ಅಷ್ಟೇ ಕಾಲದಿಂದ ಬದಲಿಸಿಲ್ಲವೆಂದು ತಿಳಿಯಬಹುದು.

ಖರ್ಚಿನ ಲೆಕ್ಕ

ಅಮೆರಿಕದಲ್ಲಿ ಎ ಪ್ಲಸ್‌ನ ಒಂದೊಂದು ಪರೀಕ್ಷೆಗೂ 250 ಡಾಲರಿಗಿಂತ ಹೆಚ್ಚು ಶುಲ್ಕ. ಎರಡಕ್ಕೂ ಸೇರಿಸಿದರೆ 500 ಡಾಲರ್ ದಾಟಿತು. ಭಾರತದ ದರವನ್ನು ಕಟ್ಟುವ ದಿನ ಅಧಿಕೃತ ತಾಣದಲ್ಲೇ ನೋಡಿಕೊಳ್ಳಬೇಕು. ಅನುತ್ತೀರ್ಣರಾದರೆ ಮತ್ತೆ ಬರೆಯಬಹುದು, ಆದರೆ ಪ್ರತಿ ಸಲವೂ ಪೂರ್ತಿ ಶುಲ್ಕ. ಕೋಚಿಂಗ್ ಸಂಸ್ಥೆಯ ಫೀಸು, ಊಟ, ವಸತಿ ಬೇರೆ. ತಿಂಗಳಿಗೆ ಸಾಧಾರಣ ಸಂಬಳದಲ್ಲಿ ಆರಂಭವಾಗುವ ಕೆಲಸಕ್ಕಾಗಿ ಇಷ್ಟೆಲ್ಲ ಖರ್ಚು ಸಾಲದ ಹಣದಿಂದ ಮಾಡಬೇಕೇ ಎಂಬುದನ್ನು ಪ್ರತಿ ಮನೆಯೂ ಲೆಕ್ಕ ಹಾಕಬೇಕು. ಚಿನ್ನ ಅಡವಿಟ್ಟರೆ ಮೊದಲ ಸಂಬಳ ಬರುವ ಮುಂಚೆಯೇ ಬಡ್ಡಿ ಬೆಳೆಯುತ್ತದೆ.

ಇದಕ್ಕಿಂತ ಕಡಿಮೆ ಖರ್ಚಿನ ದಾರಿಗಳೂ ಇವೆ:

ಮೊದಲನೆಯದು ಐಟಿಐ. ಕಂಪ್ಯೂಟರ್ ಹಾರ್ಡ್‌ವೇರ್ ಮತ್ತು ನೆಟ್‌ವರ್ಕ್ ಮೆಯಿಂಟೆನೆನ್ಸ್ ಒಂದು ವರ್ಷದ್ದು. ಮಾಹಿತಿ ಸಂವಹನ ತಂತ್ರಜ್ಞಾನ ವ್ಯವಸ್ಥೆಯ ನಿರ್ವಹಣೆಯ ಟ್ರೇಡು ಎರಡು ವರ್ಷದ್ದು. ಸರಕಾರಿ ಐಟಿಐಗಳಲ್ಲಿ ಫೀಸು ಅಲ್ಪ. ಆಮೇಲೆ 1961ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ ಸ್ಟೈಪೆಂಡ್ ಪಡೆಯುತ್ತಾ ಕಂಪನಿಯಲ್ಲೇ ಕೆಲಸ ಕಲಿಯುವ ಅವಕಾಶವಿದೆ.

ಎರಡನೆಯದು ಕೇಂದ್ರ ಸರಕಾರದ ನೈಲಿಟ್ ಸಂಸ್ಥೆಯ ಕೋರ್ಸುಗಳು. ಹಿಂದೆ ಡೋಯೆಕ್ ಎಂದು ಕರೆಯುತ್ತಿದ್ದುದು ಇದನ್ನೇ. ಹೆಸರು ಬದಲಾದದ್ದು 2011ರಲ್ಲಿ. ಇದರ ‘ಒ ಲೆವೆಲ್’ ಸರ್ಟಿಫಿಕೇಟಿಗೆ ಹಲವು ಸರಕಾರಿ ಹುದ್ದೆಗಳ ನೇಮಕದಲ್ಲಿ ಮಾನ್ಯತೆಯಿದೆ. ಕೋಝಿಕ್ಕೋಡಿನಲ್ಲಿ ಇದರ ಕೇಂದ್ರವಿದೆ.

ಮೂರನೆಯದು ಮನೆಯಲ್ಲೇ ಕುಳಿತು ಕಲಿಯುವುದು. ಗೂಗಲ್ ಕಂಪನಿ 2018ರ ಜನವರಿಯಲ್ಲಿ ಕೋರ್ಸೆರಾ ಮೂಲಕ ಐಟಿ ಸಪೋರ್ಟ್ ಸರ್ಟಿಫಿಕೇಟು ಆರಂಭಿಸಿತು. ತಾಂತ್ರಿಕ ಸಹಾಯದ ಮೂಲ ಪಾಠ, ನೆಟ್‌ವರ್ಕ್, ಆಪರೇಟಿಂಗ್ ಸಿಸ್ಟಮ್, ವ್ಯವಸ್ಥೆಯ ಆಡಳಿತ, ಭದ್ರತೆ ಇವು ಅದರ ವಿಷಯಗಳು. ವಾರಕ್ಕೆ ಹತ್ತು ಗಂಟೆ ಓದಿದರೆ ಆರು ತಿಂಗಳೊಳಗೆ ಮುಗಿಸಬಹುದು. ತಿಂಗಳ ಲೆಕ್ಕದಲ್ಲಿ ಶುಲ್ಕವಿದೆ, ಹಣದ ಅಡಚಣೆಯಿದ್ದವರು ನೆರವಿಗೆ ಅರ್ಜಿ ಹಾಕಬಹುದು. ಸಿಸ್ಕೊ ಕಂಪನಿಯ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಹಲವು ಆರಂಭಿಕ ಕೋರ್ಸುಗಳು ಉಚಿತ. ಕಂಪ್ಯೂಟರಿನ ಪರದೆಯಲ್ಲೇ ಇಡೀ ನೆಟ್‌ವರ್ಕ್ ಕಟ್ಟಿ ಪರೀಕ್ಷಿಸುವ ‘ಪ್ಯಾಕೆಟ್ ಟ್ರೇಸರ್’ ಸಾಫ್ಟ್‌ವೇರೂ ಅಲ್ಲಿ ಉಚಿತವಾಗಿ ಸಿಗುತ್ತದೆ. ಎ ಪ್ಲಸ್ ಪಠ್ಯವನ್ನು ಆರಂಭದಿಂದ ಕೊನೆಯ ತನಕ ವಿವರಿಸುವ ‘ಪ್ರೊಫೆಸರ್ ಮೆಸ್ಸರ್’ ವಿಡಿಯೋಗಳು ಯೂಟ್ಯೂಬಿನಲ್ಲಿವೆ, ಅವಕ್ಕೂ ಹಣ ಕೊಡಬೇಕಾಗಿಲ್ಲ. ಇಂಗ್ಲಿಷ್ ಕಷ್ಟವೆನಿಸುವವರು ಐಐಟಿ ಬಾಂಬೆಯ ‘ಸ್ಪೋಕನ್ ಟ್ಯುಟೋರಿಯಲ್’ ನೋಡಬಹುದು. ಲಿನಕ್ಸ್, ಲಿಬ್ರೆ ಆಫೀಸ್ ಮೊದಲಾದವುಗಳ ಪಾಠ ಕನ್ನಡ ಧ್ವನಿಯಲ್ಲಿಯೂ ಇವೆ.

ನಮ್ಮ ಸಲಹೆ ಇಷ್ಟೇ. ಮೊದಲು ಉಚಿತ ಪಾಠಗಳಿಂದ ಎರಡು ತಿಂಗಳು ಕಲಿಯಲಿ. ಆ ಅವಧಿಯಲ್ಲಿ ಆಸಕ್ತಿ ಉಳಿದರೆ, ಹಳೆಯ ಕಂಪ್ಯೂಟರೊಂದನ್ನು ಬಿಚ್ಚಿ ಮರಳಿ ಜೋಡಿಸುವಷ್ಟು ಧೈರ್ಯ ಬಂದರೆ, ಆಗ ಪರೀಕ್ಷೆಯ ಶುಲ್ಕದ ಬಗ್ಗೆ ಯೋಚಿಸಿ. ಎರಡು ತಿಂಗಳೊಳಗೆ ಬೇಸರ ಬಂದರೆ ಸಾಲವಾಗಲಿಲ್ಲವಲ್ಲ ಎಂದು ಸಮಾಧಾನಪಡಿ.

ಗಡಿನಾಡಿನ ನಮ್ಮ ಮಕ್ಕಳ ಬಂಡವಾಳ

ನಮ್ಮ ಮಕ್ಕಳು ತಮ್ಮಲ್ಲಿರುವ ಒಂದು ಬಂಡವಾಳವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದು ಭಾಷೆ. ಮಂಜೇಶ್ವರ, ಕಾಸರಗೋಡು ಕಡೆಯ ಹುಡುಗಿ ಮನೆಯಲ್ಲಿ ಕೊಂಕಣಿ, ನೆರೆಯವರೊಡನೆ ತುಳು, ಶಾಲೆಯಲ್ಲಿ ಕನ್ನಡ, ಆಫೀಸಿನಲ್ಲಿ ಮಲಯಾಳ ಮಾತನಾಡುತ್ತಾಳೆ. ಹೊಸೂರು, ತಾಳವಾಡಿಯ ಹುಡುಗನಿಗೆ ಕನ್ನಡದ ಜತೆ ತಮಿಳು ಬರುತ್ತದೆ, ಹೊಸೂರಿನಲ್ಲಾದರೆ ತೆಲುಗೂ ಸ್ವಲ್ಪ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯವರಿಗೆ ಮರಾಠಿ, ಹಿಂದಿ ಸಲೀಸು. ಹಲವು ರಾಜ್ಯಗಳಲ್ಲಿ ಶಾಖೆಗಳಿರುವ ಬ್ಯಾಂಕು, ಟೆಲಿಫೋನ್ ಕಂಪನಿ, ಲ್ಯಾಪ್‌ಟಾಪ್ ಕಂಪನಿಗಳ ಹೆಲ್ಪ್‌ಡೆಸ್ಕಿಗೆ ಇಂಥವರು ಬೇಕಾಗುತ್ತಾರೆ. ಅರ್ಜಿಯಲ್ಲಿ ‘ಭಾಷೆಗಳು’ ಎಂಬ ಸಾಲಿನಲ್ಲಿ ಇಂಗ್ಲಿಷ್ ಒಂದನ್ನೇ ಬರೆದು ಉಳಿದವನ್ನು ಬಿಟ್ಟುಬಿಡುವ ನಮ್ಮ ಮಕ್ಕಳಿಗೆ ದಯವಿಟ್ಟು ಈ ಮಾತು ಹೇಳಿ: ಬಲ್ಲ ಭಾಷೆಗಳನ್ನೆಲ್ಲ ಬರೆಯಿರಿ, ಓದಲು ಬರೆಯಲು ಬರುತ್ತದೆಯೇ ಎಂಬುದನ್ನೂ ತಿಳಿಸಿ.

ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮದ ಮಕ್ಕಳಿಗೆ ಇನ್ನೊಂದು ಅನುಕೂಲವಿದೆ. ಕೇರಳ ಸರಕಾರ 2001ರಲ್ಲಿ ‘ಐಟಿ ಅಟ್ ಸ್ಕೂಲ್’ ಯೋಜನೆ ಆರಂಭಿಸಿತು. 2017ರಲ್ಲಿ ಅದು ‘ಕೈಟ್’ ಎಂಬ ಸರಕಾರಿ ಕಂಪನಿಯಾಯಿತು. 2018ರಲ್ಲಿ ಶಾಲೆಗಳಲ್ಲಿ ‘ಲಿಟ್ಲ್ ಕೈಟ್ಸ್’ ಕ್ಲಬ್ಬುಗಳು ಶುರುವಾದವು. ಈ ಶಾಲೆಗಳಲ್ಲಿ ಬಳಸುವುದು ಲಿನಕ್ಸ್ ಆಧಾರಿತ ಮುಕ್ತ ತಂತ್ರಾಂಶ. ಬೇರೆ ಕಡೆಯ ಮಕ್ಕಳು ಕಾಲೇಜಿಗೆ ಬಂದ ಮೇಲೆ ಹೆದರುತ್ತಾ ಕಲಿಯುವ ಲಿನಕ್ಸನ್ನು ನಮ್ಮ ಮಕ್ಕಳು ಹೈಸ್ಕೂಲಿನಲ್ಲೇ ಮುಟ್ಟಿ ನೋಡಿರುತ್ತಾರೆ. ಕಂಪನಿಗಳ ದೊಡ್ಡ ಸರ್ವರುಗಳಲ್ಲಿ ಬಹಳಷ್ಟು ನಡೆಯುವುದು ಲಿನಕ್ಸಿನಲ್ಲೇ. ಹತ್ತನೇ ತರಗತಿಯ ನಂತರ ಮರೆತುಬಿಡುವ ಈ ವಿದ್ಯೆಯನ್ನು ಮುಂದುವರಿಸಿದರೆ ಅದು ಅನ್ನ ಕೊಡುತ್ತದೆ.

ದೂರದ ಊರೂ ಮೊದಲಿನಷ್ಟು ದೂರವಲ್ಲ. ಕಾಸರಗೋಡಿನವರು ರೈಲು ಹತ್ತಿದರೆ ಮಂಗಳೂರು, ಹೊಸೂರಿನವರು ಬಸ್ಸು ಹತ್ತಿದರೆ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿ. ಮನೆಯಿಂದ ಹೋಗಿಬರುವ ಕೆಲಸ ಸಿಕ್ಕಿದರೆ ಕಡಿಮೆ ಸಂಬಳವೂ ಉಳಿತಾಯವಾಗುತ್ತದೆ.

ಎಐ ಬಂದರೆ ಈ ಕೆಲಸ ಉಳಿಯುವುದೇ?

ಇದು ನ್ಯಾಯವಾದ ಚಿಂತೆ. ಪಾಸ್‌ವರ್ಡ್ ಬದಲಿಸುವಂಥ ಸಣ್ಣ ಕೆಲಸಗಳನ್ನು ಈಗ ಯಂತ್ರವೇ ಮಾಡುತ್ತಿದೆ. ಫೋನ್ ಎತ್ತಿ ಬರೆದಿಟ್ಟ ಉತ್ತರ ಓದುವುದಷ್ಟೇ ಗೊತ್ತಿರುವವರಿಗೆ ಮುಂದೆ ಕಷ್ಟವಿದೆ. ಆದರೆ ಜಜ್ಜಿಹೋದ ಕೇಬಲನ್ನು ಎಐ ಬಂದು ಬದಲಿಸುವುದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಾಮಾನ್ಯ ಬೆಂಬಲ ನಿಲ್ಲಿಸಿದ್ದು 2025ರ ಅಕ್ಟೋಬರ್ 14ರಂದು. ಆ ಒಂದು ತೀರ್ಮಾನದಿಂದ ಎಷ್ಟೋ ಆಫೀಸುಗಳಲ್ಲಿ ಹಳೆಯ ಯಂತ್ರ ಬದಲಿಸುವ, ಮಾಹಿತಿಯನ್ನು ಜೋಪಾನವಾಗಿ ಸಾಗಿಸುವ ಕೆಲಸ ಎದ್ದಿತು. ಆದುದರಿಂದ ಮೊದಲ ಹಂತದಲ್ಲೇ ಕುಳಿತುಬಿಡದೆ ಎರಡು ಮೂರು ವರ್ಷಗಳಲ್ಲಿ ನೆಟ್‌ವರ್ಕ್, ಸರ್ವರ್ ಅಥವಾ ಭದ್ರತೆಯ ಕಡೆಗೆ ಮೇಲೇರುವ ಗುರಿಯಿಟ್ಟು ಈ ಕೆಲಸಕ್ಕೆ ಸೇರಬೇಕು. ಮೆಟ್ಟಿಲು ಇರುವುದು ಹತ್ತಲಿಕ್ಕೆ.

ಮೋಸದ ಬಲೆಗಳು

ಉದ್ಯೋಗದ ಹಸಿವು ಇರುವಲ್ಲಿ ಬಲೆ ಬೀಸುವವರೂ ಇರುತ್ತಾರೆ. ಮುಖ್ಯವಾಗಿ ನಾಲ್ಕನ್ನು ಹೇಳುತ್ತೇವೆ.

ಒಂದು, ಉದ್ಯೋಗ ಖಾತ್ರಿಯ ಮಾತು. ಬಾಯಿಮಾತಿನ ಖಾತ್ರಿಗೆ ಅರ್ಥವಿಲ್ಲ. ಕೆಲಸ ಸಿಗದಿದ್ದರೆ ಹಣ ಮರಳಿಸುತ್ತೇವೆಂದು ಬರೆದು ಕೊಡಲಿ. ಕಳೆದ ವರ್ಷ ಕಲಿತವರಲ್ಲಿ ಐವರೊಡನೆ ನೀವೇ ಮಾತನಾಡಿ.

ಎರಡು, ಸಂಸ್ಥೆ ತಾನೇ ಅಚ್ಚು ಹಾಕಿಕೊಡುವ ‘ಅಂತಾರಾಷ್ಟ್ರೀಯ’ ಸರ್ಟಿಫಿಕೇಟು. ನಿಜವಾದ ಎ ಪ್ಲಸ್ ಸರ್ಟಿಫಿಕೇಟಿಗೆ ಒಂದು ಪರಿಶೀಲನಾ ಸಂಕೇತವಿರುತ್ತದೆ. ಕಂಪನಿಯವರು ಅದನ್ನು ತಾಣದಲ್ಲಿ ಹಾಕಿ ಕ್ಷಣದಲ್ಲಿ ಪರೀಕ್ಷಿಸುತ್ತಾರೆ.

ಮೂರು, ‘ಡಂಪ್ಸ್’. ನಿಜ ಪರೀಕ್ಷೆಯ ಪ್ರಶ್ನೆಗಳನ್ನೇ ಕದ್ದು ಉತ್ತರದೊಂದಿಗೆ ಮಾರುವ ದಂಧೆಯಿದು. ಎಲ್ಲರೂ ಮಾಡುತ್ತಾರೆ ಎಂದು ಮಕ್ಕಳು ಹೇಳುವುದುಂಟು. ಸಿಕ್ಕಿಬಿದ್ದರೆ ಸರ್ಟಿಫಿಕೇಟು ರದ್ದಾಗುತ್ತದೆ, ಮುಂದಿನ ಪರೀಕ್ಷೆಗಳಿಗೂ ನಿಷೇಧ ಬರಬಹುದು. ಸಿಕ್ಕಿಬೀಳದಿದ್ದರೂ ಇಂಟರ್‌ವ್ಯೂನಲ್ಲಿ ಕೇಬಲ್ ಕೈಗೆ ಕೊಟ್ಟಾಗ ಬಣ್ಣ ಬಯಲಾಗುತ್ತದೆ. ಕದ್ದ ಉತ್ತರದಿಂದ ಪಡೆದ ಕೆಲಸದಲ್ಲಿ ನೆಮ್ಮದಿಯಿಲ್ಲ ಎಂಬುದನ್ನು ನಮ್ಮ ಮಕ್ಕಳಿಗೆ ಮನೆಯಲ್ಲೇ ಹೇಳಿಕೊಡಬೇಕು.

ನಾಲ್ಕನೆಯದು ಎಲ್ಲಕ್ಕಿಂತ ಅಪಾಯಕರ. ಕಂಪ್ಯೂಟರ್ ಬಲ್ಲ ಯುವಕರಿಗೆ ಥಾಯ್ಲೆಂಡಿನಲ್ಲಿ ಒಳ್ಳೆಯ ಸಂಬಳದ ಕೆಲಸವೆಂದು ನಂಬಿಸಿ, ಗಡಿ ದಾಟಿಸಿ ಮ್ಯಾನ್ಮಾರಿಗೆ ಒಯ್ದು, ಅಲ್ಲಿ ಕೂಡಿಹಾಕಿ ಆನ್‌ಲೈನ್ ವಂಚನೆ ಮಾಡಿಸುವ ಜಾಲಗಳ ಬಗ್ಗೆ ಭಾರತದ ವಿದೇಶಾಂಗ ಸಚಿವಾಲಯ 2022ರ ಸೆಪ್ಟೆಂಬರಿನಲ್ಲೇ ಎಚ್ಚರಿಕೆ ನೀಡಿತ್ತು. ಕಾಂಬೋಡಿಯಾದಿಂದಲೂ ಇಂಥ ಸುದ್ದಿಗಳು ಬಂದಿವೆ. ಪ್ರವಾಸಿ ವೀಸಾದಲ್ಲಿ ಕೆಲಸಕ್ಕೆ ಕರೆಯುವವರನ್ನು ನಂಬಬೇಡಿ. ವಿದೇಶಕ್ಕೆ ಕಳುಹಿಸುವ ಏಜೆಂಟರು ಸರಕಾರದಲ್ಲಿ ನೋಂದಾಯಿಸಿಕೊಂಡಿರಬೇಕು. ಅವರ ಪಟ್ಟಿ ‘ಇ-ಮೈಗ್ರೇಟ್’ ತಾಣದಲ್ಲಿದೆ. ಅವರು ತೆಗೆದುಕೊಳ್ಳಬಹುದಾದ ಸೇವಾಶುಲ್ಕಕ್ಕೂ 30,000 ರೂಪಾಯಿ ಹಾಗೂ ಅದರ ಮೇಲಿನ ತೆರಿಗೆ ಎಂಬ ಮಿತಿಯಿದೆ. ಲಕ್ಷಗಟ್ಟಲೆ ಕೇಳಿದರೆ ಅಲ್ಲೇ ಎದ್ದುಬನ್ನಿ. ಇದೇ ರೀತಿ ವಿದೇಶೀಯರಿಗೆ ಫೋನ್ ಮಾಡಿ ‘ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ’ ಎಂದು ಹೆದರಿಸಿ ಹಣ ಕೀಳುವ ನಕಲಿ ಟೆಕ್ನಿಕಲ್ ಸಪೋರ್ಟ್ ಕೇಂದ್ರಗಳು ನಮ್ಮ ದೇಶದ ನಗರಗಳಲ್ಲೂ ಸಿಕ್ಕಿಬಿದ್ದಿವೆ. ಅಲ್ಲಿ ಕೆಲಸಕ್ಕಿದ್ದ ಹುಡುಗರ ಮೇಲೂ ಪೊಲೀಸ್ ಕೇಸು ಬೀಳುತ್ತದೆ. ಕೆಲಸಕ್ಕೆ ಸೇರಿದ ಮಗ ಏನು ಮಾಡುತ್ತಾನೆಂದು ಕೇಳಿ ತಿಳಿಯುವುದು ತಂದೆತಾಯಂದಿರ ಕರ್ತವ್ಯ.

ಫೀಸು ಕಟ್ಟುವ ಮುನ್ನ ಕೇಳಬೇಕಾದ ಪ್ರಶ್ನೆಗಳು

1. ಸರ್ಟಿಫಿಕೇಟು ಕೊಡುವವರು ಯಾರು? ಈ ಸಂಸ್ಥೆಯೋ, ಸರಕಾರವೋ, ಪರೀಕ್ಷೆ ನಡೆಸುವ ಮೂಲ ಕಂಪನಿಯೋ?
2. ಪರೀಕ್ಷಾ ಶುಲ್ಕ ಫೀಸಿನಲ್ಲಿ ಸೇರಿದೆಯೇ, ಬೇರೆಯೇ?
3. ಕಲಿಸುವ ಪಠ್ಯ ಈಗ ನಡೆಯುತ್ತಿರುವ ಪರೀಕ್ಷೆಯದ್ದೇ? ಸಂಕೇತ ಏನು?
4. ಒಬ್ಬೊಬ್ಬರಿಗೆ ಒಂದು ಕಂಪ್ಯೂಟರ್ ಇದೆಯೇ? ಬಿಚ್ಚಿ ಜೋಡಿಸಲು ಬಿಡುತ್ತಾರೆಯೇ, ದೂರದಿಂದ ತೋರಿಸುತ್ತಾರೆಯೇ?
5. ನಡುವೆ ಬಿಟ್ಟರೆ ಎಷ್ಟು ಹಣ ಮರಳುತ್ತದೆ?
6. ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಳ್ಳುತ್ತಾರೆಯೇ? ಹೌದೆಂದರೆ ಅಲ್ಲಿಗೆ ಸೇರಿಸಬೇಡಿ.

ನಾವು ಕೂಡಿ ಮಾಡಬಹುದಾದದ್ದು

ನಮ್ಮ ಧರ್ಮಕೇಂದ್ರಗಳಲ್ಲಿ ಬೆಂಗಳೂರು, ಮುಂಬಯಿ, ಗಲ್ಫ್ ದೇಶಗಳಲ್ಲಿ ಈ ಕೆಲಸವನ್ನೇ ಮಾಡುತ್ತಿರುವವರು ಇದ್ದಾರೆ. ಹಬ್ಬಕ್ಕೋ ಮದುವೆಗೋ ಊರಿಗೆ ಬಂದಾಗ ಅವರನ್ನು ಒಂದು ಸಂಜೆ ಯುವಜನರೊಡನೆ ಕುಳ್ಳಿರಿಸಿ ಮಾತನಾಡಿಸಬಹುದು. ಸಂಬಳ ಎಷ್ಟು, ಕಷ್ಟ ಎಷ್ಟು ಎಂದು ಅವರು ಹೇಳುವುದು ಯಾವ ಪೋಸ್ಟರಿಗಿಂತಲೂ ನಂಬಲರ್ಹ. ಅಟ್ಟದ ಮೇಲೆ ಧೂಳು ತಿನ್ನುತ್ತಿರುವ ಹಳೆಯ ಕಂಪ್ಯೂಟರುಗಳನ್ನು ವಾರ್ಡಿನವರು ಒಟ್ಟುಮಾಡಿ ಸಭಾಭವನದ ಒಂದು ಮೂಲೆಯಲ್ಲಿಟ್ಟರೆ ಮಕ್ಕಳಿಗೆ ಬಿಚ್ಚಿ ಕಲಿಯಲು ಅದೇ ಪ್ರಯೋಗಶಾಲೆ. ಮಾನಿಟರಿನ ಹಳೆಯ ಗಾಜಿನ ಕೊಳವೆ ಹಾಗೂ ವಿದ್ಯುತ್ ಪೂರೈಸುವ ಪೆಟ್ಟಿಗೆಯನ್ನು ಮಾತ್ರ ಮಕ್ಕಳು ತೆರೆಯಬಾರದು. ಸ್ವಿಚ್ಚು ತೆಗೆದ ಮೇಲೂ ಅದರೊಳಗೆ ಅಪಾಯಕರ ವಿದ್ಯುತ್ ಉಳಿದಿರುತ್ತದೆ.

ಒಟ್ಟಿನಲ್ಲಿ ಹೇಳುವುದಾದರೆ, ಆಸಕ್ತಿಯಿಂದ ಕಲಿತವರಿಗೆ ಆರಂಭಿಕ ಸರ್ಟಿಫಿಕೇಟು ಇಂಟರ್‌ವ್ಯೂ ಕೋಣೆಯ ಬಾಗಿಲ ತನಕ ಕರೆದೊಯ್ಯುತ್ತದೆ. ಒಳಗೆ ಹೋದ ಮೇಲೆ ಉತ್ತರ ಕೊಡಬೇಕಾದುದು ಕಲಿತ ಕೈ ಮತ್ತು ವಿನಯದ ಮಾತು. ಇವೆರಡನ್ನೂ ಹಣ ಕೊಟ್ಟು ತರಲಾಗದು. ಈ ವಿಷಯದಲ್ಲಿ ಅನುಭವವಿರುವ ಓದುಗರು ತಮ್ಮ ಧರ್ಮಕೇಂದ್ರದ ಯುವಜನರಿಗೆ ಎರಡು ಗಂಟೆ ಸಮಯ ಕೊಡಲು ಮುಂದೆ ಬಂದರೆ ನಮಗೆ ತುಂಬ ಸಂತೋಷ.